ಇಪ್ಪತ್ತರ ಅಗಲ

ಮಂಡಕ್ಕಿ ಭಟ್ಟಿಯಿಂದ ಮೂಟೆ ಹೊತ್ತ ಗಾಡಿ ಬಂತೆಂದರೆ
ಈ ಓಣಿಯಲ್ಲಿ ಸೈಕಲ್ಲಿನವರು ಗೋಡೆಗಂಟಿ ನಿಲ್ಲಬೇಕು.
ತೂಕವೇನಿಲ್ಲ. ಒಂದು ಮೂಟೆಯನ್ನು ಕೂಸೂ ಎತ್ತೀತು.
ಅಗಲ ಮಾತ್ರ ಕೇಳಬೇಡಿ:
ಎಡಗಡೆ ಕಿಟಕಿ, ಬಲಗಡೆ ಕಿಟಕಿ, ಎರಡನ್ನೂ ಸವರಿಕೊಂಡೇ ಬರುತ್ತದೆ.

ಅದನ್ನೇ ನೋಡುತ್ತ ಏಣಿಯ ಮೇಲೆ ನಿಂತಿದ್ದೆ,
ಹಲ್ಲಲ್ಲಿ ಸ್ಕ್ರೂ, ಹೆಗಲಲ್ಲಿ ಕೇಬಲ್ಲು.
ಕೆಳಗೆ ಹಾಸ್ಟೆಲ್ ಮಾಲೀಕರು, ರುದ್ರಮುನಿಯಪ್ಪ:
"ಹೊಸಾ ಡಬ್ಬಿ ಕಣಪ್ಪ, ಮೂರು ಮಹಡಿಗೆ ಆರು.
ನಲವತ್ತಕ್ಕೇ ಇಡ್ಸೀನಿ. ಆದ್ರೂ ಹುಡ್ಗೇರದು ದಿನಾ ಗಲಾಟಿ."

ಆರೂ ನಲವತ್ತು.
ಪಕ್ಕದ ರಕ್ತಪರೀಕ್ಷೆ ಲ್ಯಾಬು ನಲವತ್ತು,
ಎದುರಿನ ಚೀಟಿ ಆಫೀಸು, ದೋಸೆ ಹೋಟೆಲ್ಲಿನ ಗಲ್ಲಾ, ನಲವತ್ತು.
ಮೊಬೈಲ್ ಪರದೆಯಲ್ಲಿ ಕಮಾನಿನ ಮೇಲೆ ಕಮಾನು ಬಿದ್ದು
ಯಾವ ಬಾಗಿಲು ಯಾರದೋ ತಿಳಿಯದು.
ಇಲ್ಲಿನ ಗಾಳಿಯಲ್ಲಿರುವುದು ಮೂರು ಸೀಟಿನ ಒಂದೇ ಬೆಂಚು:
ಒಂದು, ಆರು, ಹನ್ನೊಂದು.
ಎಲ್ಲರೂ ಕಾಲು ಅಗಲಿಸಿ ಕೂತಿದ್ದಾರೆ.

ಎರಡನೇ ಮಹಡಿ, ಕೊನೆ ಕೋಣೆ. ಜಗಳೂರಿನ ಹುಡುಗಿ, ನರ್ಸಿಂಗ್.
ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಫರ್ಹಾನಾ.
"ಅಣ್ಣಂಗೆ ಕಿವಿ ಕೇಳ್ಸಲ್ಲ ಸಾರ್, ಕೈಯಾಗೇ ಮಾತಾಡೋದು.
ಚಿತ್ರ ನಿಂತ್ರೆ ಕೈ ಅರ್ಧಕ್ಕೇ ನಿಲ್ತೈತೆ.
ಮೊನ್ನೆ ಬರ್ತೀನಿ ಅಂದ್ನೋ ಬರಲ್ಲ ಅಂದ್ನೋ
ಇಡೀ ರಾತ್ರಿ ಗೊತ್ತಾಗ್ಲಿಲ್ಲ."

ಮೊಣಕಾಲ ಮೇಲೆ ಲ್ಯಾಪ್‌ಟಾಪು.
ನಲವತ್ತು ತೆಗೆದೆ, ಇಪ್ಪತ್ತು ಇಟ್ಟೆ.
ಮೆಟ್ಟಿಲ ಡಬ್ಬಿಗೆ ಒಂದು, ಊಟದ ಹಾಲಿಗೆ ಆರು, ಅವಳ ಸಾಲಿಗೆ ಹನ್ನೊಂದು.
ಮಾಲೀಕರು ಕನ್ನಡಕ ಏರಿಸಿದರು:
"ನಾ ದುಡ್ಡು ಕೊಟ್ಟಿದ್ದು ಅಗಲಕ್ಕೆ, ನೀ ಕಿರಿದು ಮಾಡ್ತೀಯಲ್ಲೋ!"
ಏನು ಹೇಳಲಿ. ಎದುರಿನ ಹೋಟೆಲ್ಲಿನತ್ತ ಕೈ ತೋರಿಸಿದೆ.
ದಾವಣಗೆರೆಯ ದೋಸೆ ದೊಡ್ಡದಲ್ಲವಲ್ಲ;
ಅಷ್ಟೇ ಬೆಣ್ಣೆಯನ್ನು ಕಾವಲಿ ತುಂಬ ಎಳೆದರೆ
ನಾಲಗೆಗೆ ಏನು ಸಿಕ್ಕೀತು ಯಜಮಾನ್ರೇ?
ನಗಲಿಲ್ಲ. "ಅರ್ಧ ಮಾಡಿದ್ದಕ್ಕೆ ಅರ್ಧ ಕೂಲಿ" ಅಂದರು,
ನೂರೈವತ್ತು ಕೈಗಿಟ್ಟರು.

ಹೋಟೆಲ್ಲಿನವನು ಇನ್ನೂ ನಲವತ್ತರಲ್ಲೇ ಇದ್ದಾನೆ.
ನಾಳೆ ತಿಂಡಿಗೆ ಹೋಗಿ ಕೇಳಬೇಕು. ಒಪ್ಪಲಾರ.

ಮರೆತ ಚೀಲ ತರಲು ಮೇಲೆ ಹೋದಾಗ
ಕೊನೆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.
ತಂಬಿಗೆಗೆ ಒರಗಿಸಿದ ಮೊಬೈಲು. ಅವಳ ಎರಡೂ ಕೈ ಗಾಳಿಯಲ್ಲಿ,
ಬೆರಳು ಬಿಡಿಸಿ, ಮಡಿಸಿ, ಎದೆಗೆ ಬಡಿದು;
ಆ ಕಡೆಯಿಂದ ಇನ್ನೆರಡು ಕೈ, ತಡವಿಲ್ಲದೆ.
ಒಂದಿಷ್ಟೂ ಸದ್ದಿಲ್ಲ.
ಜಗಳವೇ ಇರಬೇಕು,
ಅಷ್ಟು ಜೋರಾಗಿತ್ತು.