ಇನ್ನೂರ ಹನ್ನೊಂದು

ನೂರಕ್ಕೆ ಐದು ಮನೆ ನನ್ನ ಪಾಲು.
ಹುಡುಗಿಯರು ಕೇಳಿ ಬಂದದ್ದನ್ನೇ ಮತ್ತೆ ಕೇಳುವುದು,
ಮಾವಿನ ಮರದಡಿ ಕೂತು ತಾವೇ ಉತ್ತರ ಹೊಸೆದರೋ
ನಿಜಕ್ಕೂ ಹೊಸ್ತಿಲ ತನಕ ನಡೆದರೋ ನೋಡುವುದು.
ಅನುಮಾನಕ್ಕೆ ಸಂಬಳ ಕೊಡುತ್ತಾರೆ ನನಗೆ,
ಸೈಕಲ್ ಟ್ಯಾಕ್ಸಿಯ ಬಾಡಿಗೆ ಬೇರೆ.

ಚಿಲ್ವಾ ಸರೋವರ ಹಿಂದೆ ಸರಿದ ವರ್ಷ ಅದು.
ದೋಣಿಗಳು ಕೆಸರಲ್ಲಿ ಮಗ್ಗುಲಾಗಿ ಮಲಗಿದ್ದವು.
ಚಾಪೆಯ ಮೇಲೆ ಒಣಗುತ್ತಿದ್ದ ಮತೆಂಬಾ ಮೀನು
ಕಿರುಬೆರಳಿಗಿಂತ ಚಿಕ್ಕವು, ಯಾರೂ ಎಣಿಸದಂಥವು.
ಹದಿನಾಲ್ಕನೇ ಮನೆ. ಅಬಿತಿ ಕಲಾಂಜೆ.
ಒಪ್ಪಿಗೆ ಪತ್ರ ಓದಿದೆ: ಇದರಿಂದ ನಿಮಗೆ
ನೇರವಾದ ಲಾಭವೇನೂ ಇಲ್ಲ.
'ಗೊತ್ತು' ಎಂದಳು, ಹೆಬ್ಬೆಟ್ಟು ಚಾಚಿದಳು.

ವಯಸ್ಸು: ತಿಯಂಜಾನೆ ಬರೆದದ್ದು ಮೂವತ್ತೊಂದು,
ನನಗೆ ಹೇಳಿದ್ದು, 'ದೊಡ್ಡ ನೆರೆ ಬಂದಾಗ ನಡೆಯುತ್ತಿದ್ದೆ'.
ಇರಲಿ, ಎರಡು ವರ್ಷ ಆಚೀಚೆ ಕ್ಷಮಿಸಬಹುದೆಂದು ಕೈಪಿಡಿಯಲ್ಲಿದೆ.
ಮನೆಯ ಯಜಮಾನ ಯಾರು?
ನಕ್ಕಳು. ಗಂಡ ಬಾಗಿಲಲ್ಲಿ ಬಲೆ ಹೆಣೆಯುತ್ತಿದ್ದ.
'ಮನೆ ನನ್ನ ಅಜ್ಜಿಯದು. ಇವನು ಬಂದವನು.
ಬಂದವನೂ ಒಳ್ಳೆಯವನೇ, ಅದನ್ನೂ ಬರೆದುಕೋ.'
ಒಂದೇ ಮಡಕೆಯಿಂದ ಉಣ್ಣುವವರು?
ಏಳು. ತಾಳೆಯಾಯಿತು.
ಸೊಳ್ಳೆಪರದೆ ಎರಡು, ಒಂದು ಮೀನಿಗೆ ಹೋಗಿದೆ. ತಾಳೆಯಾಯಿತು.
ಚಿಟಿಕೆ ಉಪ್ಪು ತಂದಳು; ಸೀಸೆಯ ಹನಿ ಬಿಟ್ಟೆ,
ನೇರಳೆಗೆ ತಿರುಗಿತು. ಮಕ್ಕಳು ಹೋ ಎಂದವು.
ಸರಕಾರದಿಂದ ಬಂದವರು ಆ ಊರಿಗೆ
ಮಾಡಿ ತೋರಿಸಿದ ಒಂದೇ ಒಂದು ಜಾದೂ.

ಇನ್ನೂರ ಹನ್ನೊಂದು.
ಹುಟ್ಟಿ, ಅತ್ತು, ಅಥವಾ ಒಮ್ಮೆ ಉಸಿರೆಳೆದು
ಆಮೇಲೆ ಉಳಿಯದ ಮಗು ಯಾವುದಾದರೂ?
ಓದುವಾಗ ದನಿ ಏರಿಸಬಾರದು, ಇಳಿಸಲೂಬಾರದು.

'ಇಲ್ಲ.'

ತಿಯಂಜಾನೆಯ ಹಾಳೆಯಲ್ಲಿ: ಹೌದು. ಒಂದು. ಹೆಣ್ಣು.
ಬದುಕಿದ್ದು, ದಿನಗಳಲ್ಲಿ: ಸೊನ್ನೆ ಸೊನ್ನೆ.
ಅಂಚಿನಲ್ಲಿ, ಏನೂ ಬರೆಯಬಾರದ ಜಾಗದಲ್ಲಿ, ಪೆನ್ಸಿಲ್ಲಿನಿಂದ:
ಕೋಳಿಮರಿಯಷ್ಟು ಸದ್ದು. ಅದನ್ನು ಅಳು ಎನ್ನಬಹುದೇ
ಎಂದು ಅವರೇ ಕೇಳಿದರು. ಎನ್ನಬಹುದು ಎಂದೆ.

ನಾನು ಹಿಡಿಯಲೆಂದೇ ಬಂದ ತಪ್ಪು ಇದು.
ಹೊಸ ಹುಡುಗಿ, ಮೊದಲ ಕೆಲಸ.
ಆದರೆ ಸಾವೊಂದನ್ನು ಹೆಚ್ಚು ಬರೆದರೆ ಅವಳಿಗೇನು ಲಾಭ?
ಮತ್ತೆ ಹದಿನೆಂಟು ಪ್ರಶ್ನೆ, ಅದೂ ಮಧ್ಯಾಹ್ನದ ಬಿಸಿಲಲ್ಲಿ.
ಕಳ್ಳ ಲೆಕ್ಕದವರು ಯಾವಾಗಲೂ 'ಇಲ್ಲ' ಎಂದೇ ಬರೆಯುತ್ತಾರೆ,
'ಇಲ್ಲ'ದ ದಾರಿ ಹತ್ತಿರ.
ಹನ್ನೊಂದು ವರ್ಷದಿಂದ ಅದೊಂದು ನನಗೆ ಗೊತ್ತು.

ಮತ್ತೊಮ್ಮೆ ಕೇಳಿದೆ. ಕೈಪಿಡಿ ಬೇಡ ಎನ್ನುತ್ತದೆ.
ಅಬಿತಿ ಕಲಾಂಜೆ ಮೀನು ಮಗುಚತೊಡಗಿದಳು
ಒಂದೊಂದಾಗಿ, ಆಗಲೇ ಒಣಗಿದ್ದನ್ನೂ.
ಗಂಡನ ಕೈ ಬಲೆಯ ಒಂದು ಕಣ್ಣಿನಲ್ಲಿ ನಿಂತಿತ್ತು.

'ಆ ಹುಡುಗಿಗೆ ಹೇಳಿದ್ದೇನೆ.
ಒಂಬತ್ತು ವರ್ಷ ಯಾರೂ ಕೇಳಿರಲಿಲ್ಲ,
ಅವಳು ಕೇಳಿದಳು, ಹೇಳಿದೆ.
ಈಗ ಅವಳ ಪುಸ್ತಕದಲ್ಲಿದೆ ಕೂಸು.
ನಿನಗೂ ಹೇಳಿದರೆ
ನಿಮ್ಮ ಲೆಕ್ಕದಲ್ಲಿ ಇಬ್ಬರಾಗುವುದಿಲ್ಲವೇ?'
ಸ್ವಲ್ಪ ಹೊತ್ತಾದ ಮೇಲೆ,
'ಉಪ್ಪು ಬೇಕಾದರೆ ಇನ್ನೊಮ್ಮೆ ನೋಡು.'

ನನ್ನ ಹಾಳೆಯಲ್ಲಿರುವುದು ಎರಡೇ ಚೌಕ.
ತಾಳೆಯಾಯಿತು, ಆಗಲಿಲ್ಲ.
'ಆಗಲಿಲ್ಲ'ಕ್ಕೆ ಗೀರು ಎಳೆದೆ; ಕೇಳಿದ್ದಕ್ಕೆ ಬಂದ ಉತ್ತರ
'ಇಲ್ಲ' ತಾನೇ, ಉಳಿದದ್ದು ಮಾತುಕತೆ.

ಜೋಂಬಾದ ಕಡೆ ಸೈಕಲ್ಲಿನ ಹಿಂದೆ ಕೂತು ಬರುವಾಗ
ಸವಾರನ ಬೆನ್ನ ಬೆವರು ಅಂಗಿಯಲ್ಲಿ ಉಪ್ಪಿನ ಗೆರೆಯಾಗುತ್ತಿತ್ತು.
ಸೀಸೆ ಜೇಬಲ್ಲಿತ್ತು. ಏನೇನೋ ಯೋಚನೆ.

ವರದಿಯಲ್ಲಿ ನಮ್ಮ ತಂಡದ ತಾಳೆ ನೂರಕ್ಕೆ ತೊಂಬತ್ತಾರು.
ಶಹಬ್ಬಾಸ್ ಎಂದರು.
ಉಳಿದ ನಾಲ್ಕಕ್ಕೆ ಅಳತೆಯ ದೋಷ ಎಂದು ಹೆಸರು.

ತಿಯಂಜಾನೆಯನ್ನು ಕರೆದು ಇಷ್ಟೇ ಹೇಳಿದೆ:
ಅಂಚಿನಲ್ಲಿ ಬರೆಯಬಾರದು,
ಬರೆಯಲೇಬೇಕಾದರೆ ಪೆನ್ನಿನಲ್ಲಿ ಬರಿ,
ಚೀಲದೊಳಗೆ ಹಾಳೆಗೆ ಹಾಳೆ ಉಜ್ಜಿ
ಪೆನ್ಸಿಲ್ ಮಾಸುತ್ತದೆ.