ಇಪ್ಪತ್ತಮೂರು ತಟ್ಟೆ ಚಳಿಗಾಲ

ತಣ್ಣನೆ ಕೋಣೆಯ ಮೋಟಾರು ಹತ್ತೊಂಬತ್ತನೆಯ ದಿನ ನಿಂತಿತು.
ನಲವತ್ತೆರಡು ದಿನದ ಚಳಿ ಬೇಕಿತ್ತು ಸಸಿಗಳಿಗೆ.
ಟಾರ್ಟುವಿನ ಬೀದಿಯಲ್ಲಿ ಮೈನಸ್ ಹದಿನೆಂಟು, ಸಾಯುತ್ತವೆ.
ಪ್ರಯೋಗಾಲಯದೊಳಗೆ ಇಪ್ಪತ್ತು, ಮರೆಯುತ್ತವೆ.
ರಾತ್ರಿ ಒಂಬತ್ತಕ್ಕೆ ನಾಲ್ಕು ಡಿಗ್ರಿ ಎಲ್ಲಿ ಹುಡುಕಲಿ?

ಅಮ್ಮನ ನೆಲಮಾಳಿಗೆಯಲ್ಲಿ.

ಕಂಬಳಿ ಸುತ್ತಿ, ಕಾರಿನ ಹಿಂದೆ ಒತ್ತಿ,
ಕೊನೆಯ ದಾರಿ ಹಿಮಬಂಡಿಯಲ್ಲಿ ಎಳೆದು
ಇಪ್ಪತ್ತಮೂರು ತಟ್ಟೆ ಇಳಿಸಿದೆ
ಆಲೂಗಡ್ಡೆ ಮೂಟೆಗಳ, ಹುಳಿ ಎಲೆಕೋಸಿನ ಭರಣಿಗಳ ನಡುವೆ.
"ಕಳೆಗಿಡ ಕಣೇ ಉರ್ವೆ ಇದು," ಮೆಟ್ಟಿಲ ಮೇಲಿಂದ ಅಮ್ಮ.
ಕಳೆಯೇ. ಸಾಸಿವೆಯ ಬಡ ನೆಂಟ.

ಹೇಗೆ ಹೇಳಲಿ ಅವಳಿಗೆ,
ಗಿಡದೊಳಗೊಂದು ಜೀನಿದೆ, ಅದರ ಕಸುಬು ಒಂದೇ:
ಹೂವೇ, ಬೇಡ, ಇನ್ನೂ ಬೇಡ ಅನ್ನುತ್ತಿರುವುದು.
ಚಳಿ ಹಿಡಿದಂತೆ ಬರುತ್ತವೆ ಪಾಲಿಕೋಂಬ್ ಬಳಗದ ಪ್ರೋಟೀನುಗಳು,
ಡಿಎನ್ಎ ಸುತ್ತಿಕೊಂಡ ಉಂಡೆಯ ಬಾಲಕ್ಕೆ
ಮೂರು ಪುಟ್ಟ ಗುರುತು ಅಂಟಿಸಿ
ಬೇಡವೆನ್ನುವ ಆ ಬಾಯಿ ಕಟ್ಟುತ್ತವೆ.
ಚಳಿ ಹೋದರೂ ಕಟ್ಟು ಸಡಿಲದು.
ಕೋಶ ಎರಡಾದರೆ ಎರಡಕ್ಕೂ ಕಟ್ಟು.

ಅರ್ಧ ಚಳಿ ಕೊಟ್ಟರೆ ಅರ್ಧ ಬೀಗ ಬೀಳುವುದಿಲ್ಲ;
ಅರ್ಧದಷ್ಟು ಮನೆಗಳಿಗೆ ಪೂರ್ತಿ ಬೀಗ,
ಉಳಿದವು ಬಾಗಿಲು ತೆರೆದುಕೊಂಡು ಹರಟುತ್ತಿರುತ್ತವೆ.
ಅದಕ್ಕೇ ಈ ಓಡಾಟ.

ನೊಣದಲ್ಲೂ ಇದೇ ಬಳಗ. ಅಲ್ಲಿ ಕೆಟ್ಟರೆ
ಗಂಡುನೊಣದ ಮುಂಗಾಲಿನ ಬಾಚಣಿಗೆ
ನಡುಗಾಲಿಗೂ ಹಿಂಗಾಲಿಗೂ ಮೂಡುತ್ತದೆ,
ಪಾಪ, ಅಷ್ಟು ಬಾಚಣಿಗೆ ಇಟ್ಟುಕೊಂಡು ಏನು ಮಾಡೀತು.
ನನ್ನಲ್ಲೂ ಇದೆ, ಅಮ್ಮನಲ್ಲೂ:
ಕಣ್ಣಿನ ಕೋಶಕ್ಕೆ, ನೀನು ಹಲ್ಲಲ್ಲ ಎಂದು
ಬೇಸರಿಸದೆ ನೆನಪಿಸುತ್ತ.
ಗಿಡ, ನೊಣ, ನಾವು ಬೇರೆ ಮನೆ ಮಾಡಿ ಕೋಟಿ ಕೋಟಿ ವರ್ಷ;
ಪಾತ್ರೆ ಪಡಗ ಎಲ್ಲ ಪಾಲಾದರೂ
ಇದೊಂದನ್ನು ಯಾರೂ ಮಾರಲಿಲ್ಲ.

ಅಮ್ಮನನ್ನು ಆರನೆಯ ವಯಸ್ಸಿಗೆ
ಸೈಬೀರಿಯಾದ ರೈಲು ಹತ್ತಿಸಿದ್ದರು.
ಆ ಚಳಿಗಾಲಗಳ ಬಗ್ಗೆ ಕೇಳಿದರೆ
ಆಲೂಗಡ್ಡೆ ಸುಲಿಯಲು ಕೂರುತ್ತಾಳೆ.

ಮಾರ್ಚಿನಲ್ಲಿ ಹೂ ಬಂತು, ಉಪ್ಪಿನ ಹರಳಿನಷ್ಟು, ಬಿಳಿ.
ಒಂದು ಕುಂಡ ಅವಳ ಅಡುಗೆಮನೆಗೆ ತಂದಿಟ್ಟೆ.
ಚಾಕು ಹಿಡಿದೇ ಬಗ್ಗಿ ನೋಡಿದಳು.
"ಇದರ ಬೀಜಕ್ಕೂ ಆ ಚಳಿ ನೆನಪಿರುತ್ತಾ?"
ಇಲ್ಲಮ್ಮ. ಬೀಜವಾಗುವಾಗ ಕಟ್ಟೆಲ್ಲ ಬಿಚ್ಚಿಹೋಗುತ್ತೆ.
ಅದರ ಚಳಿಗಾಲ ಅದೇ ಕಾಣಬೇಕು.

"ಒಳ್ಳೇದು," ಅಂದಳು,
ಸುಲಿದ ಗಡ್ಡೆಯನ್ನು ನೀರಿಗೆ ಬಿಟ್ಟು
ಇನ್ನೊಂದನ್ನು ಕೈಗೆತ್ತಿಕೊಂಡಳು.