ಏಳು

ಕಾರ್ಡಿಫ್‌ನಲ್ಲಿ ಮೊದಲು ಕಲಿಸಿದ್ದು
ಕಣ್ಣನ್ನು ನಂಬಬೇಡ ಅಂತ.
ಒಂದೇ ಪಂದ್ಯ, ನೋಡುವವರು ಇಬ್ಬರು,
ಪಾಸಿಗೊಂದು ಕೀಲಿ, ಟ್ಯಾಕಲ್‌ಗೊಂದು ಕೀಲಿ.
ಗೆಥಿನ್ ಎಂಬತ್ತೆಂಟು ಒತ್ತಿದ, ನಾನು ತೊಂಬತ್ತಾರು.
"ಮಿಕ್ಕ ಎಂಟನ್ನು ಮನೆಯಿಂದ ಕಟ್ಟಿಕೊಂಡು ಬಂದೆಯಾ?"
ಡಾಕ್ಟರ್ ಪ್ರಿಚರ್ಡ್ ನಗಲಿಲ್ಲ.

ಆರು ವಾರ ಬಿಟ್ಟು ಅದೇ ಪಂದ್ಯ, ಈ ಸಲ ಒಬ್ಬಳೇ.
ಆಗಿನ ನನಗೂ ಈಗಿನ ನನಗೂ
ಹದಿನಾಲ್ಕು ಕಡೆ ಜಗಳ.
ಅವಳು 'ತಪ್ಪಿತು' ಅಂದದ್ದಕ್ಕೆ
ನಾನು 'ತಪ್ಪಿಸಿಕೊಂಡಳು' ಅನ್ನುತ್ತೇನೆ.
ಕ್ರಿಯಾಪದದ ಬಾಲದಲ್ಲಿ
ಒಬ್ಬಳ ಸೋಲು ಇನ್ನೊಬ್ಬಳ ಜಾಣತನ.

ಹುಬ್ಬಳ್ಳಿಯಿಂದ ದೊಡ್ಡಪ್ಪನ ಫೋನು:
"ಆಡೂದಕ್ಕಲ್ಲ, ಆಡೋರನ್ನ ನೋಡೂದಕ್ಕ ಡಿಗ್ರಿ ಏನವಾ?
ನಮ್ಮ ನೆಹರೂ ಮೈದಾನದಾಗ
ಗ್ವಾಡಿ ಮ್ಯಾಲೆ ಕುಂತು ಪುಗಸಟ್ಟೆ ನೋಡ್ತಾರ."
ನಾನೂ ಪುಗಸಟ್ಟೆಯೇ ನೋಡಿದೆ ದೊಡ್ಡಪ್ಪಾ,
ಎರಡು ಸೀಸನ್ನು.
ಬಸ್ಸಿನ ದುಡ್ಡು, ಎದೆಯ ಮೇಲೆ
ಬೇರೆ ಯಾರದೋ ಇನಿಷಿಯಲ್ ಇದ್ದ ಜಾಕೆಟ್ಟು.
ರಾತ್ರಿ ಸೂಪರ್‌ಮಾರ್ಕೆಟ್ಟಿನ ತಣ್ಣನೆ ಕೋಣೆಯಲ್ಲಿ
ಬಟಾಣಿ ಚೀಲ ಜೋಡಿಸುವಾಗಲೂ
ಬೆರಳು ಕೀಲಿ ಹುಡುಕುತ್ತಿತ್ತು:
ಎಡಕ್ಕೆ, ಎಡಕ್ಕೆ, ಕೈಜಾರಿತು.

ಆಮೇಲೆ ಲನೆಲ್ಲಿ.
ಹಾಗೆ ಓದಿದರೆ ಊರಿನವರಿಗೆ ಕೆನ್ನೆನೋವು,
ನಾಲಿಗೆಯ ಎರಡೂ ಬದಿಯಿಂದ ಗಾಳಿ ಬಿಡಬೇಕಂತೆ.
ನನಗೆ ಮಾತ್ರ ಆ ಹೆಸರಿನ ಕೊನೆಯಲ್ಲಿ
'ಎಲ್ಲಿ?' ಅಂತ ಯಾರೋ ಕೇಳಿದ ಹಾಗೆ.
ಹೆಂಗಸರ ರಗ್ಬಿ ತಂಡ,
ಮೂರು ದಿನದ ಸಂಬಳ, ಆರು ದಿನದ ಕೆಲಸ.
ಕಬ್ಬಿಣದ ಅಟ್ಟಣಿಗೆ ಹತ್ತಿದರೆ ಸಮುದ್ರದ ಗಾಳಿ.
ಕ್ಯಾಮೆರಾ ಹಾರದಂತೆ ಕಾಲಿಗೆ ಕಟ್ಟಿದ್ದು
ಮರಳು ತುಂಬಿದ ಸೋನಾ ಮಸೂರಿ ಚೀಲ.

ಸೋಮವಾರ ಸಂಜೆ ವಿಡಿಯೋ.
ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ ಅನ್ನುತ್ತಾರಲ್ಲ,
ಇಲ್ಲಿ ಎಡವಿದ್ದನ್ನೇ ಕತ್ತರಿಸಿ, ನಿಧಾನ ಮಾಡಿ,
ಗೋಡೆಯಷ್ಟು ದೊಡ್ಡದು ಮಾಡಿ ತೋರಿಸುವುದು ನನ್ನ ಕೆಲಸ.
ಕ್ಯಾರಿಸ್ ಪ್ರಾಸರ್, ಜರ್ಸಿ ನಂಬರು ಏಳು,
ಮೂವತ್ನಾಲ್ಕು ವರ್ಷ, ವಾರವಿಡೀ ಆಂಬುಲೆನ್ಸ್ ಓಡಿಸುವವಳು,
ಟೋಸ್ಟ್ ಅಗಿಯುತ್ತಾ ಕೇಳಿದಳು:
"ಬಿದ್ದದ್ದನ್ನು ಒಂಬತ್ತು ಸಲ ತೋರಿಸಿದೆ.
ಎದ್ದದ್ದನ್ನು ಯಾವ ಬುಟ್ಟಿಗೆ ಹಾಕಿದೆ?"

ಆ ರಾತ್ರಿ ಹೊಸ ಕೀಲಿ ಹುಟ್ಟಿತು.
ನೆಲ ಮುಟ್ಟಿದ ಗಳಿಗೆಯಿಂದ ಎರಡು ಕಾಲ ಮೇಲೆ
ನಿಲ್ಲುವವರೆಗೆ ಎಷ್ಟು ಸೆಕೆಂಡು.
ಅದನ್ನು ಏಳರ ಮೇಲೆ ಇಟ್ಟೆ.
ಯಾಕೆಂದು ಯಾರೂ ಕೇಳಲಿಲ್ಲ, ಕೇಳಿದರೂ ಹೇಗೆ ಹೇಳಲಿ,
ನನ್ನ ಭಾಷೆಯಲ್ಲಿ ಅಂಕಿಯೂ ಅದೇ,
ಬೆಳಿಗ್ಗೆ ಅಮ್ಮ ಹೊದಿಕೆ ಎಳೆದು ಅನ್ನುವುದೂ ಅದೇ.

ಕ್ಯಾರಿಸ್: ಮೊದಲರ್ಧ, ಎರಡು ದಶಾಂಶ ಆರು.
ತಂಡದಲ್ಲೇ ಬೇಗ. ಹಿಗ್ಗಿದೆ.
ಅರವತ್ತು ನಿಮಿಷ ದಾಟಿದ ಮೇಲೆ, ಐದು ದಶಾಂಶ ಒಂದು.
ಅದನ್ನೂ ಬರೆದೆ. ಬರೆಯದಿದ್ದರೆ
ಕಲಿತದ್ದಕ್ಕೆ ಏನರ್ಥ.

ಕೋಚ್ ಹ್ಯೂ ಆ ಹಾಳೆಯನ್ನು ಬಹಳ ಹೊತ್ತು ನೋಡಿದ.
ಗುರುವಾರದ ಪಟ್ಟಿಯಲ್ಲಿ ಏಳನೇ ಅಂಗಿ
ಇಪ್ಪತ್ತು ವರ್ಷದ ಹುಡುಗಿಗೆ.
"ಒಳ್ಳೆಯ ಕೆಲಸ," ಎಂದ ನನಗೆ.
ಮುಂದಿನ ವರ್ಷಕ್ಕೆ ಐದು ದಿನದ ಸಂಬಳ,
ಎದೆಯ ಮೇಲೆ ನನ್ನದೇ ಇನಿಷಿಯಲ್.

ಕ್ಯಾರಿಸ್ ನನ್ನೊಡನೆ ಮಾತು ಬಿಡಲಿಲ್ಲ.
ಬಿಟ್ಟಿದ್ದರೆ ಸುಲಭವಿತ್ತು.

ಶನಿವಾರ. ಐವತ್ತೆಂಟನೇ ನಿಮಿಷ.
ಹ್ಯೂ ಬೆಂಚಿನ ಕಡೆ ಕೈ ಎತ್ತಿದ,
ಇಪ್ಪತ್ತನೇ ನಂಬರಿನ ಅವಳು
ಕೈ ಪೂರ್ತಿ ಮೇಲೇರುವ ಮೊದಲೇ ನಿಂತಿದ್ದಳು.
ಚೆಂಡು ಆಚೆ ತುದಿಯಲ್ಲಿತ್ತು,
ಕ್ಯಾಮೆರಾ ಚೆಂಡಿನ ಹಿಂದೆ ಹೋಗಬೇಕು, ಹೋಯಿತು.
ಬೆರಳು ಮಾತ್ರ ತನ್ನ ಪಾಡಿಗೆ ಒತ್ತಿಬಿಟ್ಟಿತು.

ಭಾನುವಾರ ಲೆಕ್ಕ ಕೂಡಿಸುವಾಗ
ಯಂತ್ರ ಅಲ್ಲೇ ನಿಂತು ಕೇಳುತ್ತದೆ:
ಬಿದ್ದ ದಾಖಲೆಯಿಲ್ಲದ ಒಂದು ಏಳು ಇದೆ.
ಇಡಲೇ, ಅಳಿಸಲೇ?